ದೊಡ್ಡಮ್ಮನ ಪಾವು ಮತ್ತು ನಲವತ್ತು ಗ್ರಾಂ ಓಟ್ಸ್

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆವು. ನಮಗೆ ನಾಚಿಕೆ ತರುವಂಥ ಸಂಗತಿಯಾದ್ದರಿಂದ ಲೇಖನಿ ಹಿಂಜರಿಯುತ್ತಿತ್ತು. ಆದರೆ ಮೊನ್ನೆ ಸಂಘದ ಸಂಕ್ರಾಂತಿ ಕೂಟದಲ್ಲಿ ಎಳ್ಳು ಬೀರುತ್ತ ಮಾತಿಗೆ ಮಾತು ಬಂದಾಗ, ಇದೇ ತಪ್ಪು ಇನ್ನೂ ಎರಡು ಮನೆಗಳಲ್ಲಿ ನಡೆಯುತ್ತಿರುವುದು ತಿಳಿದುಬಂತು. ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ಬರೆಯಲು ಕುಳಿತಿದ್ದೇವೆ.

ನಮ್ಮ ದೊಡ್ಡಮ್ಮ ಹಾಸನದವರು. ಎಪ್ಪತ್ತೆಂಟು ವರ್ಷ. ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂದು ಮೂರು ವರ್ಷದ ಹಿಂದೆ ಡೊಂಬಿವಿಲಿಯ ನಮ್ಮ ಮನೆಗೆ ಕರೆತಂದೆವು. ಬರುವಾಗ ಅವರು ತಂದ ಸಾಮಾನು ಒಂದು ಟ್ರಂಕು, ಒಂದು ದೇವರ ಪೆಟ್ಟಿಗೆ, ಮತ್ತು ಒಂದು ಹಿತ್ತಾಳೆಯ ಪಾವು. ಅವರ ಅತ್ತೆಯ ಕಾಲದ ಪಾವು ಅದು. ಅವರ ಮನೆಗೆ ಬಂದ ಸೊಸೆಯಂದಿರೆಲ್ಲ ಹೊಸಿಲ ಮೇಲೆ ಅಕ್ಕಿ ತುಂಬಿದ ಆ ಪಾವನ್ನೇ ಬಲಗಾಲಿನಿಂದ ಒದ್ದು ಒಳಗೆ ಬಂದವರು. ಮುಂಬಯಿಗೆ ಬಂದ ಮೇಲೂ ನಮ್ಮ ಮನೆಯ ಅಕ್ಕಿ ಬೇಳೆಗಳ ಅಳತೆಯೆಲ್ಲ ಅದರಲ್ಲೇ ನಡೆಯತೊಡಗಿತು. ನಮ್ಮ ಮನೆಯಾಕೆಗೂ ಅದು ಒಪ್ಪಿತು. ಪ್ಲಾಸ್ಟಿಕ್ ಲೋಟಕ್ಕಿಂತ ಹಿತ್ತಾಳೆ ಕೈಗೆ ಹಿತ.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು. ಇಲ್ಲಿನ ಡಾಕ್ಟರು ಬೆಳಗಿನ ತಿಂಡಿಗೆ ಓಟ್ಸ್ ಹೇಳಿದರು: ದಿನಕ್ಕೆ 40 ಗ್ರಾಂ, ನೀರಿನಲ್ಲಿ ಬೇಯಿಸಿ, ಸ್ವಲ್ಪ ಮಜ್ಜಿಗೆಯೊಡನೆ. ಮನೆಯಲ್ಲಿ ತಕ್ಕಡಿಯಿಲ್ಲ. ಪೊಟ್ಟಣದ ಮೇಲೆ ಅರ್ಧ ಕಪ್ಪು ಎಂದಿತ್ತು. ಮನೆಯಾಕೆ ಅರ್ಧ ಪಾವು ಎಂದು ಗೊತ್ತುಮಾಡಿಕೊಂಡಳು. ದೊಡ್ಡಮ್ಮ ಮೊದಲ ದಿನ ಡಬ್ಬಿಯೊಳಗೆ ಇಣುಕಿ ನೋಡಿ, “ಇದೇನೇ ಮಗು, ಅವಲಕ್ಕಿ ಇದ್ದ ಹಾಗಿದೆ!” ಎಂದರು. ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ತಿಂಡಿಯಾದ ಎರಡು ಗಂಟೆಗೆ ಮನೆಯ ಯಂತ್ರದಲ್ಲಿ ನೋಡಿದರೆ ಸಕ್ಕರೆ 150, 160 ತೋರಿಸುತ್ತಿತ್ತು. ಡಾಕ್ಟರೂ ತೃಪ್ತರಾದರು.

ಮೂರನೆಯ ತಿಂಗಳು ಅಂಗಡಿಯಲ್ಲಿ ಆ ಪೊಟ್ಟಣ ಮುಗಿದಿತ್ತು. ಅಂಗಡಿಯವನು ಬೇರೊಂದು ಜಾತಿಯದನ್ನು ಕೊಟ್ಟ. ಇದು ಇನ್ನೂ ಒಳ್ಳೆಯದು, ಹೆಚ್ಚು ಅರೆದಿಲ್ಲ, ಸಕ್ಕರೆ ಕಾಯಿಲೆಯವರಿಗೆ ಇದೇ ಲೇಸು ಎಂದ. ಅವನು ಹೇಳಿದ್ದು ಸುಳ್ಳಲ್ಲ. ಹೆಸರು ‘ಸ್ಟೀಲ್ ಕಟ್’ ಓಟ್ಸ್. ನೋಡಿದರೆ ಅಕ್ಕಿನುಚ್ಚಿನಂತೆ ಸಣ್ಣ ಸಣ್ಣ ತುಣುಕು. ನಮ್ಮ ಮನೆಯಲ್ಲಿ ಅದೇ ಅರ್ಧ ಪಾವು ಮುಂದುವರಿಯಿತು. ಬೇಯುವುದು ನಿಧಾನವೆಂದು ಕುಕ್ಕರಿಗೆ ನೀರು ಹೆಚ್ಚು ಹಾಕಿದೆವು, ಅಷ್ಟೇ ಬದಲಾವಣೆ.

ಒಂದು ವಾರದೊಳಗೆ ಯಂತ್ರ 210, 220 ತೋರಿಸಲಾರಂಭಿಸಿತು. ಅದೇ ಊಟ, ಅದೇ ಮಾತ್ರೆ, ಅದೇ ಸಂಜೆಯ ನಡಿಗೆ. ಆ ದಿನಗಳಲ್ಲೇ ಮಗನ ಹುಟ್ಟುಹಬ್ಬಕ್ಕೆಂದು ಮಾಡಿದ ಬೇಸನ್ ಲಾಡು ಒಂದು ಡಬ್ಬಿ ಅಡಿಗೆಮನೆಯ ಕಟ್ಟೆಯ ಮೇಲಿತ್ತು. ವಾಚಕರು ಊಹಿಸಿರಬಹುದು. ನಾವೇ, ಈ ಬಾಯಿಂದಲೇ, ದೊಡ್ಡಮ್ಮನನ್ನು ಕೇಳಿದೆವು: “ದೊಡ್ಡಮ್ಮ, ಬೇಜಾರು ಮಾಡಿಕೋಬೇಡಿ. ಮಧ್ಯಾಹ್ನ ಏನಾದರೂ ಸಿಹಿ ಬಾಯಿಗೆ ಹಾಕಿಕೊಳ್ತಿದ್ದೀರಾ?”

ಅವರು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿದರು. “ತಿಂದಿದ್ದರೆ ತಿಂದೆ ಅಂತ ಹೇಳ್ತಿದ್ದೆ ಕಣಪ್ಪ. ನಿಮ್ಮ ಮನೇಲಿ ನಾನು ಕದ್ದು ತಿನ್ನೋದು ಏನಿದೆ?” ಎಂದರು. ‘ನಿಮ್ಮ ಮನೆ’ ಎಂಬ ಮಾತು ಅವರ ಬಾಯಲ್ಲಿ ಅದೇ ಮೊದಲು. ಅಂದು ಸಂಜೆ ಮನೆಯಾಕೆ ಲಾಡು ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದ್ದನ್ನು ಅವರು ಕಂಡರು. ಮರುದಿನದಿಂದ ಊರಿನ ಮಾತು ಹೆಚ್ಚಾಯಿತು: ಹಾಸನದ ಮನೆಯ ಹಂಚು ಸೋರುತ್ತಿರಬಹುದು, ಒಮ್ಮೆ ಹೋಗಿ ನೋಡಿಬರಬೇಕು.

ಈಗ ಹಿಂದಿರುಗಿ ನೋಡಿದರೆ ಸುಳಿವುಗಳು ಕಣ್ಣೆದುರಿಗೇ ಇದ್ದವು. “ಈ ಸಲದ ಗಂಜಿ ಹೊಟ್ಟೆ ಭಾರ ಕಣೇ, ಮಧ್ಯಾಹ್ನ ಊಟಾನೇ ಸೇರಲ್ಲ” ಎಂದು ದೊಡ್ಡಮ್ಮ ಎರಡು ಬಾರಿ ಹೇಳಿದ್ದರು. ಇನ್ನೊಂದು ಸುಳಿವು ಲೆಕ್ಕದ್ದು. ದಿನಕ್ಕೆ 40 ಗ್ರಾಮಿನಂತೆ ಒಂದು ಕಿಲೋ ಪೊಟ್ಟಣ 25 ದಿನ ಬರಬೇಕು. ಈ ಹೊಸ ಪೊಟ್ಟಣ ಹನ್ನೆರಡನೆಯ ದಿನಕ್ಕೇ ತಳ ಕಂಡಿತು. ಮನೆಯಾಕೆ ಅಂಗಡಿಯವನ ತೂಕದ ಮೇಲೆ ಅನುಮಾನಪಟ್ಟಳು. ಪಾವಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಕೊನೆಗೆ ಸತ್ಯ ಹೊರಟಿದ್ದು ಪಕ್ಕದ ಮನೆಯ ಧಾರವಾಡದ ವೈನಿಯವರಿಂದ. ಅವರ ಮಗಳು ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ; ಒಂದು ಗ್ರಾಮಿನವರೆಗೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಅವಳಲ್ಲಿದೆ. ನಮ್ಮ ಮನೆಯಾಕೆ ಅಳುಮುಖ ಮಾಡಿ ಕಥೆ ಹೇಳಿದಾಗ ವೈನಿ, “ನಿಮ್ಮ ಪಾವು ತಗೊಂಡ ಬರ್ರಿ, ತೂಗೇ ಬಿಡೋಣು” ಎಂದರು. ತೂಗಿದೆವು. ಅವಲಕ್ಕಿಯಂಥ ಓಟ್ಸ್ ಅರ್ಧ ಪಾವಿಗೆ 42 ಗ್ರಾಂ. ನುಚ್ಚಿನಂಥ ಓಟ್ಸ್ ಅದೇ ಅರ್ಧ ಪಾವಿಗೆ 86 ಗ್ರಾಂ. ದೊಡ್ಡಮ್ಮ ಎರಡು ವಾರಗಳಿಂದ ದಿನಾ ಬೆಳಿಗ್ಗೆ ಎರಡು ಪಾಲು ತಿಂಡಿ ತಿನ್ನುತ್ತಿದ್ದರು, ಅದೂ ನಾವೇ ಬಡಿಸಿದ್ದನ್ನು.

ನುಚ್ಚು ಓಟ್ಸ್ ನಿಧಾನವಾಗಿ ಜೀರ್ಣವಾಗುತ್ತದೆ, ಸಕ್ಕರೆಯನ್ನು ಮೆಲ್ಲಗೆ ಏರಿಸುತ್ತದೆ ಎಂಬುದು ನಿಜ. ಆದರೆ 40 ಗ್ರಾಂ ಓಟ್ಸ್‌ನಲ್ಲಿ, ಯಾವ ಬಗೆಯದೇ ಆಗಲಿ, ಸುಮಾರು 27 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಎರಡರಷ್ಟು ತಿಂದರೆ ಅದೂ ಎರಡರಷ್ಟು. ಒಳ್ಳೆಯ ಜಾತಿಯ ಧಾನ್ಯವೆಂದು ತೂಕ ಕ್ಷಮಿಸುವುದಿಲ್ಲ. ಇನ್ನೂ ಭಯದ ಮಾತೊಂದಿದೆ. ಡಾಕ್ಟರು ಮುಂದಿನ ಭೇಟಿಯಲ್ಲಿ ಮಾತ್ರೆ ಹೆಚ್ಚಿಸುವ ಯೋಚನೆಯಲ್ಲಿದ್ದರು. ಹೆಚ್ಚಿಸಿದ ಮೇಲೆ ನಾವು ಏನೂ ತಿಳಿಯದೆ ಹಳೆಯ ಪೊಟ್ಟಣಕ್ಕೆ ಮರಳಿದ್ದರೆ, ತಿಂಡಿ ಅರ್ಧವಾಗಿ ಮಾತ್ರೆ ಹೆಚ್ಚಾಗಿ, ಸಕ್ಕರೆ ತೀರ ಕೆಳಗಿಳಿದುಬಿಡುತ್ತಿತ್ತೋ ಏನೋ. ಕೆಲವು ಬಗೆಯ ಮಾತ್ರೆಗಳಲ್ಲಿ ಆ ಅಪಾಯ ಇದ್ದೇ ಇದೆ. ಎಪ್ಪತ್ತೆಂಟರ ಮುದುಕಿ ಬಚ್ಚಲಲ್ಲಿ ತಲೆಸುತ್ತಿ ಬೀಳಲು ಅಷ್ಟು ಸಾಕು.

ಅಂದು ಸಂಜೆ ದೊಡ್ಡಮ್ಮನ ಮುಂದೆ ಕುಳಿತು ತಪ್ಪೊಪ್ಪಿಕೊಂಡೆವು. ಅವರು ಎಲ್ಲ ಕೇಳಿ, “ಅವಲಕ್ಕೀನೂ ನುಚ್ಚೂ ಒಂದೇ ಪಾವಲ್ಲಿ ಅಳೆದರೆ ತೂಕ ಒಂದೇ ಬರುತ್ತಾ? ನನ್ನನ್ನು ಕೇಳಿದ್ದರೆ ನಾನೇ ಹೇಳ್ತಿದ್ದೆ” ಎಂದರು. ಹೌದು, ಅವರನ್ನು ನಾವು ಲಾಡು ತಿಂದಿರಾ ಎಂದು ಕೇಳಿದ್ದೆವೇ ಹೊರತು ಇದನ್ನು ಕೇಳಿರಲಿಲ್ಲ.

ಅವರ ಆ ಒಂದು ಮಾತಿನಲ್ಲಿ ವಿಷಯದ ತಿರುಳೆಲ್ಲ ಇದೆ. ಓಟ್ಸ್ ಕಾಳಿನ ಹೊಟ್ಟು ತೆಗೆದರೆ ಉಳಿಯುವುದು ಇಡೀ ಕಾಳು. ಅದನ್ನು ಉಕ್ಕಿನ ಅಲಗಿನಿಂದ ಎರಡು ಮೂರು ತುಂಡು ಮಾಡಿದರೆ ನುಚ್ಚು ಓಟ್ಸ್. ಹಬೆಯಲ್ಲಿ ಮೆತ್ತಗೆ ಮಾಡಿ ಉರುಳೆಗಳ ನಡುವೆ ಚಪ್ಪಟೆ ಮಾಡಿದರೆ ಅವಲಕ್ಕಿ ಓಟ್ಸ್. ಮೊದಲು ಕತ್ತರಿಸಿ ಆಮೇಲೆ ಇನ್ನೂ ತೆಳ್ಳಗೆ ಒತ್ತಿದರೆ ಬೇಗ ಬೇಯುವ ಓಟ್ಸ್. ನುಚ್ಚು ಪಾವಿನಲ್ಲಿ ಒತ್ತಾಗಿ ಕೂಡುತ್ತದೆ. ಚಪ್ಪಟೆಯಾದದ್ದು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾವಿನಲ್ಲಿ ನಾವು ಅಳೆಯುವುದು ಓಟ್ಸನ್ನು ಮಾತ್ರವಲ್ಲ, ಆ ಗಾಳಿಯನ್ನೂ. ಮಂಡಕ್ಕಿಯನ್ನು ನೋಡಿ: ಒಂದು ಪಾವಿಗೆ ಹದಿನೈದು ಗ್ರಾಂ ತೂಗಿದರೆ ಹೆಚ್ಚು. ಅದೇ ಪಾವಿನಲ್ಲಿ ಅಕ್ಕಿ ಇನ್ನೂರು ಗ್ರಾಂ.

ಓಟ್ಸ್‌ನ ಈ ಹಗುರತನ ಹೊಲದಿಂದಲೇ ಬಂದದ್ದು. ಅಮೆರಿಕದಲ್ಲಿ ಧಾನ್ಯದ ವ್ಯಾಪಾರ ಬುಶೆಲ್ ಎಂಬ ಅಳತೆಯಲ್ಲಿ. ಒಂದು ಬುಶೆಲ್ ಸುಮಾರು 35 ಲೀಟರು. ಅಲ್ಲಿನ ಲೆಕ್ಕದಲ್ಲಿ ಗೋಧಿಯ ಬುಶೆಲ್ಲಿಗೆ 60 ಪೌಂಡು, ಹೊಟ್ಟಿನ ಸಮೇತ ಓಟ್ಸ್‌ಗೆ 32 ಪೌಂಡು ಮಾತ್ರ. ಬುಶೆಲ್ಲಿಗೆ ಎಷ್ಟು ತೂಗುತ್ತದೆ ಎಂಬುದರ ಮೇಲೆಯೇ ಕಾಳು ತುಂಬಿದೆಯೋ ಜೊಳ್ಳೋ ಎಂದು ನಿರ್ಣಯಿಸುತ್ತಾರೆ. ನಮ್ಮ ರೈತರು ಅಂಗೈಯಲ್ಲಿ ಭತ್ತ ತೂಗಿ ನೋಡುವುದೂ ಇದೇ ಶಾಸ್ತ್ರ. ಅಂದಹಾಗೆ ಉತ್ತರ ಹಿಂದೂಸ್ಥಾನದಲ್ಲಿ ಓಟ್ಸನ್ನು ಬೆಳೆಯುವುದು ಬಹುಮಟ್ಟಿಗೆ ದನಕರುಗಳ ಹಸಿರು ಮೇವಿಗಾಗಿ. ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಧಾನ್ಯ ಸ್ಕಾಟ್ಲೆಂಡಿನಲ್ಲಿ ಜನರ ಆಹಾರ ಎಂದು ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಚುಚ್ಚಿದ್ದುಂಟು. ಡೊಂಬಿವಿಲಿಯನ್ನು ಆತ ಕಂಡಿರಲಿಲ್ಲ.

ಇನ್ನು ಪುಸ್ತಕಗಳ ‘ಕಪ್ಪು’. ಅಮೆರಿಕದ ಬಾಸ್ಟನ್ನಿನಲ್ಲಿ ಪಾಕಶಾಲೆ ನಡೆಸಿದ ಫ್ಯಾನಿ ಫಾರ್ಮರ್ ಎಂಬಾಕೆ 1896ರಲ್ಲಿ ಹೊರತಂದ ಅಡಿಗೆಯ ಪುಸ್ತಕದಲ್ಲಿ, ಕಪ್ಪನ್ನಾಗಲಿ ಚಮಚವನ್ನಾಗಲಿ ತುಂಬಿ ಮೇಲನ್ನು ಚಾಕುವಿನಿಂದ ಸವರಿ ಮಟ್ಟ ಮಾಡಿಯೇ ಅಳೆಯಬೇಕೆಂದು ಹಟ ಹಿಡಿದಳು. ಆ ಪದ್ಧತಿ ಅಲ್ಲಿ ಬೇರೂರಿತು. ಯುರೋಪಿನವರು ತಕ್ಕಡಿಯನ್ನು ಬಿಡಲಿಲ್ಲ. ಆದ್ದರಿಂದ ಒಂದು ಪುಸ್ತಕ ಕಪ್ಪೆನ್ನುತ್ತದೆ, ಇನ್ನೊಂದು ಗ್ರಾಂ ಎನ್ನುತ್ತದೆ. ಕಪ್ಪಾದರೂ ಒಂದೇ ಇದೆಯೇ? ಅಮೆರಿಕದ ಪೊಟ್ಟಣಗಳ ಮೇಲಿನ ಕಪ್ಪು 240 ಮಿಲಿಲೀಟರು, ಆಸ್ಟ್ರೇಲಿಯದ್ದು 250, ಜಪಾನಿನದು 200. ಎಲೆಕ್ಟ್ರಿಕ್ ಅನ್ನದ ಕುಕ್ಕರಿನ ಜೊತೆ ಬರುವ ಲೋಟ ಬಹುಮಟ್ಟಿಗೆ 180. ದೊಡ್ಡ ಚಮಚ ಎಂದರೆ ಸಾಮಾನ್ಯವಾಗಿ 15 ಮಿಲಿಲೀಟರು, ಆಸ್ಟ್ರೇಲಿಯದವರಿಗೆ ಮಾತ್ರ 20. ಸಿಡ್ನಿಯ ಮಗಳು ಫೋನಿನಲ್ಲಿ ಹೇಳಿದ ಚಮಚದ ಲೆಕ್ಕ ಮಾಟುಂಗದ ತಾಯಿಯ ಅಡಿಗೆಮನೆಯಲ್ಲಿ ತಪ್ಪುವುದಕ್ಕೆ ಇದೂ ಒಂದು ಕಾರಣ.

ಅಳತೆಯ ಗೊಂದಲ ನಮಗೇನು ಹೊಸದಲ್ಲ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಒಂದು ಅಚ್ಚೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಬಾಯಿಪಾಠ ಮಾಡಿದ ಹಿರಿಯರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಸೇರು ಎಂಬುದು ಅಳತೆಯೂ ಹೌದು, ತೂಕವೂ ಹೌದು. ತೂಕದಲ್ಲಿ ಮತ್ತೆ ಕಚ್ಚಾ, ಪಕ್ಕಾ ಎಂಬ ಭೇದ. ಬಂಗಾಳದ ಪಕ್ಕಾ ಸೇರು 80 ತೊಲ, ಅಂದರೆ ಈಗಿನ 933 ಗ್ರಾಂ. ಇವಕ್ಕೆಲ್ಲ ಮಂಗಳ ಹಾಡಲೆಂದೇ 1956ರಲ್ಲಿ ಕಾನೂನು ಬಂತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಬಳಕೆಗೆ ಬಂದು, 1962ರ ಏಪ್ರಿಲ್ ವೇಳೆಗೆ ಅಂಗಡಿಗಳಲ್ಲಿ ತೂಕಕ್ಕೆ ಕಡ್ಡಾಯವಾಯಿತು. ಕಾನೂನು ಅಂಗಡಿಯ ಕಟ್ಟೆಯವರೆಗೆ ಬಂತು, ಅಡಿಗೆಮನೆಯ ಹೊಸಿಲು ದಾಟಲಿಲ್ಲ.

ಪರನಾಡಿನಲ್ಲಿರುವ ನಮಗಂತೂ ಈ ಗೊಂದಲ ಎರಡು ಪಟ್ಟು. ಮದ್ರಾಸಿನಲ್ಲಿ ನೆರೆಯವರು ಪಡಿ, ಉಳಕ್ಕು, ಆಳಾಕ್ಕು ಎನ್ನುತ್ತಾರೆ. ಹೈದರಾಬಾದಿನಲ್ಲಿ ಸೋಲ, ಗಿದ್ದ. ಪುಣೆಯ ಹಳಬರು ಪಾಯಲಿ, ಚಿಪ್ಟೆ. ಎಲ್ಲಕ್ಕಿಂತ ಮೋಸದ ಮಾತು ನಮ್ಮದೇ ಆದ ‘ಪಾವು’. ದಿಲ್ಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ಅಂಗಡಿಯಲ್ಲಿ ‘ಪಾವ್’ ಎಂದರೆ ಕಾಲು ಕಿಲೋ, ತೂಕದ 250 ಗ್ರಾಂ. ನಮ್ಮ ಪಾವು ತುಂಬ ಅವಲಕ್ಕಿ ಓಟ್ಸ್ ತೂಗುವುದು 84 ಗ್ರಾಂ. ಹೊಸದಾಗಿ ಸಂಸಾರ ಹೂಡಿದ ನಮ್ಮ ಹುಡುಗಿಯರು ತಾಯಿ ಹೇಳಿದ ಪಾವನ್ನು ಅಂಗಡಿಯವನ ಪಾವೆಂದು ತಿಳಿದರೆ ಮೂರು ಪಾಲು ಬೆಂದು ಕೂತಿರುತ್ತದೆ. ವೈನಿಯವರು ತಮ್ಮ ಪಾವನ್ನೂ ತಂದು ನಮ್ಮದರ ಪಕ್ಕದಲ್ಲಿಟ್ಟು, “ನಿಮ್ಮ ಪಾವು ಬ್ಯಾರೆ, ನಮ್ಮ ಪಾವು ಬ್ಯಾರೆರೀ” ಎಂದು ತೋರಿಸಿದರು. ಅವರದು ಬೆರಳಗಲ ಎತ್ತರ.

ಹಾಗಾದರೆ ಯಾರ ಪಾವನ್ನು ನಂಬುವುದು? ನಿಮ್ಮದನ್ನೇ ನಂಬಿ, ಆದರೆ ಒಮ್ಮೆ ಅದರ ಗುಟ್ಟು ತಿಳಿದುಕೊಳ್ಳಿ. ಉಪಾಯ ಸುಲಭ. ಪಾವನ್ನೋ ಲೋಟವನ್ನೋ ಖಾಲಿಯಾಗಿ ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿರಿ. ನೀರು ಒಂದು ಗ್ರಾಮಿಗೆ ಒಂದು ಮಿಲಿಲೀಟರು. ನೀರಿನ ತೂಕ ಎಷ್ಟೋ ಪಾತ್ರೆ ಹಿಡಿಯುವುದೂ ಅಷ್ಟೇ. ನಮ್ಮ ದೊಡ್ಡಮ್ಮನ ಪಾವು 246 ಮಿಲಿಲೀಟರು ಎಂದು ತಿಳಿಯಿತು. ಮನೆಯಲ್ಲಿ ತಕ್ಕಡಿಯಿಲ್ಲದವರು ನೆರೆಮನೆಯಲ್ಲೋ ತರಕಾರಿ ಅಂಗಡಿಯಲ್ಲೋ ಒಮ್ಮೆ ತೂಗಿಸಿಕೊಂಡರೆ ಜನ್ಮಕ್ಕೆ ಸಾಕು, ಪಾವು ಬೆಳೆಯುವುದಿಲ್ಲ.

ಆ ಸಂಖ್ಯೆ ಕೈಯಲ್ಲಿದ್ದರೆ ಉಳಿದದ್ದು ಬಾಯಿಲೆಕ್ಕ. ಅವಲಕ್ಕಿ ಓಟ್ಸ್ ನೀರಿನ ತೂಕದ ಮೂರನೆಯ ಒಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು. ನುಚ್ಚು ಓಟ್ಸ್ ಹತ್ತರಲ್ಲಿ ಏಳು ಪಾಲು. ರವೆಯೂ ಹೆಚ್ಚುಕಡಿಮೆ ಏಳು ಪಾಲೇ, ಅಕ್ಕಿ ಎಂಟು. 240ರ ಕಪ್ಪಿನಲ್ಲಿ ಅವಲಕ್ಕಿ ಓಟ್ಸ್ 80ರಿಂದ 90 ಗ್ರಾಂ, ನುಚ್ಚು ಓಟ್ಸ್ 160ರಿಂದ 180. ಕುಕ್ಕರಿನ 180ರ ಲೋಟದಲ್ಲಿ ಅವಲಕ್ಕಿಯದು 60ರ ಆಸುಪಾಸು. ಸವರಿದ ದೊಡ್ಡ ಚಮಚಕ್ಕೆ ಅವಲಕ್ಕಿಯದು ಐದು ಗ್ರಾಂ, ನುಚ್ಚಿನದು ಹತ್ತು. ಆದ್ದರಿಂದ 40 ಗ್ರಾಂ ಎಂದರೆ ಮೊದಲನೆಯದು ಎಂಟು ಚಮಚ, ಎರಡನೆಯದು ನಾಲ್ಕೇ ಚಮಚ. ಚಮಚವೆಂದರೆ ಊಟಕ್ಕೆ ಹಾಕಿಕೊಳ್ಳುವ ಚಮಚವಲ್ಲ, ಅಳತೆಗೆಂದೇ ಮಾರುವ 15 ಮಿಲಿಲೀಟರಿನದು. ಊಟದ ಚಮಚಗಳಲ್ಲಿ ಒಂದರಂತೆ ಇನ್ನೊಂದಿಲ್ಲ.

‘ಸವರಿದ’ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಹೆಂಗಸರ ಕೈ ಧಾರಾಳ. ಪಾವಿನ ಮೇಲೆ ಸಣ್ಣ ಗೋಪುರವೇಳದಿದ್ದರೆ ಅವರಿಗೆ ಅಳೆದಂತಾಗುವುದಿಲ್ಲ. ಕೊಡುವವನು ಕೊಸರು ಸೇರಿಸಿ ಅಳೆಯುವುದು ಧರ್ಮವೆಂದು ಬೆಳೆದವರು ನಾವು. ಅನ್ನಕ್ಕೆ ಅದು ಚೆಂದ, ಪಥ್ಯಕ್ಕೆ ಅಲ್ಲ. ಡಬ್ಬಿಯನ್ನು ಕುಕ್ಕಿ ಕುಕ್ಕಿ ತುಂಬಿದರೂ ತೂಕ ಏರುತ್ತದೆ: ಅದೇ ಪಾವಿನಲ್ಲಿ ಮೆಲ್ಲಗೆ ಸುರಿದಾಗ 82 ಗ್ರಾಂ ಇದ್ದದ್ದು ನೆಲಕ್ಕೆ ಕುಟ್ಟಿ ತುಂಬಿದಾಗ 93 ಆಯಿತು. ಪೊಟ್ಟಣದ ತಳದಲ್ಲಿ ಪುಡಿ ಸೇರಿರುವುದರಿಂದ ಕೊನೆಯ ದಿನಗಳ ಅಳತೆ ಮೊದಲ ದಿನಗಳದ್ದಕ್ಕಿಂತ ಭಾರ.

ಅಡಿಗೆಯಲ್ಲೂ ಇದರ ಉಪಯೋಗವಿದೆ. ರವೆ ಉಪ್ಪಿಟ್ಟಿಗೆ ಒಂದು ಪಾವು ರವೆಯ ಬದಲು ಒಂದು ಪಾವು ಅವಲಕ್ಕಿ ಓಟ್ಸ್ ಹಾಕಿ ಅಷ್ಟೇ ನೀರು ಹೊಯ್ದರೆ ಆಗುವುದು ಉಪ್ಪಿಟ್ಟಲ್ಲ, ಅಂಟು. ರವೆ 170 ಗ್ರಾಂ ಇದ್ದ ಜಾಗದಲ್ಲಿ ಓಟ್ಸ್ ಅದರ ಅರ್ಧ ಮಾತ್ರ ಇರುತ್ತದೆ. ದೋಸೆಗೆಂದು ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿದರೆ ಒಂದು ಪಾವು ಸುಮಾರು ಮುಕ್ಕಾಲು ಪಾವಿಗೆ ಇಳಿಯುತ್ತದೆ. ತೂಕ ಮಾತ್ರ ಅಷ್ಟೇ. ಅಂದಮೇಲೆ ‘ಒಂದು ಪಾವು ಓಟ್ಸ್, ಪುಡಿ ಮಾಡಿ’ ಎಂಬುದಕ್ಕೂ ‘ಒಂದು ಪಾವು ಓಟ್ಸ್ ಪುಡಿ’ ಎಂಬುದಕ್ಕೂ ವ್ಯತ್ಯಾಸವಿದೆ. ಅಡಿಗೆಯ ಪುಸ್ತಕ ಬರೆಯುವವರು ಈ ಅಲ್ಪವಿರಾಮದ ಮೇಲೆ ಕರುಣೆಯಿಡಬೇಕು.

ನೀರಿನ ಲೆಕ್ಕದಲ್ಲಿ ನಮಗೊಂದು ಸ್ವಾರಸ್ಯ ಕಂಡಿತು. ಅವಲಕ್ಕಿ ಓಟ್ಸ್‌ಗೆ ಒಂದಕ್ಕೆ ಎರಡು ಪಾಲು ನೀರು ಎನ್ನುತ್ತಾರೆ, ನುಚ್ಚಿಗೆ ಒಂದಕ್ಕೆ ಮೂರು, ನಾಲ್ಕು. ಇದೇಕೆ ಇಷ್ಟು ಭೇದವೆಂದು ಮನೆಯಾಕೆ ತಲೆ ಕೆಡಿಸಿಕೊಂಡಿದ್ದಳು. ತೂಕಕ್ಕೆ ತಂದು ನೋಡಿದರೆ ಭೇದ ಬಹುಪಾಲು ಕರಗಿಹೋಗುತ್ತದೆ. 40 ಗ್ರಾಂ ಅವಲಕ್ಕಿ ಓಟ್ಸ್‌ಗೆ ಒಂದು ಪಾವಿನಷ್ಟು ನೀರು. 40 ಗ್ರಾಂ ನುಚ್ಚಿಗೂ ಮುಕ್ಕಾಲರಿಂದ ಒಂದು ಪಾವು ನೀರು. ಧಾನ್ಯ ಕುಡಿಯುವ ನೀರು ಅದರ ತೂಕವನ್ನು ನೋಡಿಕೊಂಡೇ ಹೊರತು ಪಾವನ್ನು ನೋಡಿಕೊಂಡಲ್ಲ. ನುಚ್ಚಿಗೆ ಬೇಯುವ ಹೊತ್ತು ಮಾತ್ರ ಹೆಚ್ಚು ಬೇಕು, ಅರ್ಧ ಗಂಟೆಯಷ್ಟು. ರಾತ್ರಿ ನೆನೆಹಾಕಿದರೆ ಬೇಗ ಆಗುತ್ತದೆ.

ಡಾಕ್ಟರಿಗೆ ನಡೆದದ್ದನ್ನು ಹೇಳಿದೆವು. ಅವರು ಮಾತ್ರೆ ಹೆಚ್ಚಿಸಲಿಲ್ಲ. ಒಂದು ವಾರ ತೂಗಿ ಕೊಟ್ಟ ಮೇಲೆ ಯಂತ್ರ ಮತ್ತೆ 150, 160ಕ್ಕೆ ಬಂತು. ಈಗ ನುಚ್ಚು ಓಟ್ಸನ್ನೇ ಮುಂದುವರಿಸಿದ್ದೇವೆ, ದೊಡ್ಡಮ್ಮನಿಗೆ ಅದರ ರುಚಿ ಹಿಡಿಸಿದೆ. ಲಾಡು ಡಬ್ಬಿ ಕೆಳಗಿನ ಕಟ್ಟೆಗೆ ಮರಳಿದೆ. ಹಾಸನದ ಹಂಚಿನ ಮಾತು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಆ ದಿನ ಕೇಳಿದ ಪ್ರಶ್ನೆಯನ್ನು ಅವರು ಮರೆತಿದ್ದಾರೆಂದು ನಾವು ನಂಬಿಲ್ಲ.

ಪಾವು ಈಗ ಅಕ್ಕಿಗೆ ಮೀಸಲು. ಓಟ್ಸ್ ಡಬ್ಬಿಯೊಳಗೆ ಅಳತೆಯ ಚಮಚವೊಂದನ್ನು ದೊಡ್ಡಮ್ಮನೇ ಇಟ್ಟಿದ್ದಾರೆ. ಅಳೆಯುವ ಕೆಲಸವನ್ನು ಬೇರೆ ಯಾರಿಗೂ ಬಿಡುವುದಿಲ್ಲ. ಊರಿನಲ್ಲಿ ಕಣದ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುವ ಪದ್ಧತಿಯುಂಟಷ್ಟೆ. ಬೆಳಿಗ್ಗೆ ಆರೂವರೆಗೆ ಅಡಿಗೆಮನೆಯಿಂದ ಅವರ ಧ್ವನಿ ಕೇಳಿಸುತ್ತದೆ: “ಲಾಭ, ಎರಡು, ಮೂರು, ನಾಲ್ಕು.” ಆಮೇಲೆ ಡಬ್ಬಿಯ ಮುಚ್ಚಳ ಹಾಕಿದ ಸದ್ದು.